ಹಳೆ ಪದ್ಮಿನಿ ಕಾರಿಗೆ ಮನೆಯಲ್ಲೇ ಬಿಡಿಭಾಗ ಮಾಡಿಕೊಳ್ಳುವುದು ಹೇಗೆ?

ಡ್ರೈವರ್ ಕಾಲಿಡುವ ಜಾಗದ ಮ್ಯಾಟ್ ಎತ್ತಿ, ಸ್ಕ್ರೂಡ್ರೈವರ್ ಮೊನೆಯಿಂದ ಮೆಲ್ಲಗೆ ಒತ್ತಿದೆ. ಹಪ್ಪಳ ಮುರಿದ ಸದ್ದಾಯಿತು. ಸ್ಕ್ರೂಡ್ರೈವರ್ ಹಿಡಿಕೆವರೆಗೂ ಇಳಿಯಿತು. ತೂತಿನಿಂದ ಪಾರ್ಕಿಂಗ್ ನೆಲ ಕಾಣುತ್ತಿತ್ತು.

ಅದು ಅಪ್ಪ 1978ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ. ಅಪ್ಪ ಆಗ ಮುಂಬೈಯ ಮಾಟುಂಗದ ಹೋಟೆಲೊಂದರಲ್ಲಿ ಕ್ಯಾಶಿಯರ್. ಪ್ರತಿ ಮೇ ತಿಂಗಳು ಆ ಗಾಡಿಯಲ್ಲೇ ನಾವೆಲ್ಲ ಕುಂದಾಪುರಕ್ಕೆ ಹೋಗುತ್ತಿದ್ದೆವು. ಈಗ ಅದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನನ್ನ ಬಳಿ ಇದೆ. ಅದನ್ನು ಮತ್ತೆ ರಸ್ತೆಗೆ ತರಲು ನನಗೆ ಮೂರು ವರ್ಷ ಬೇಕಾಯಿತು. ಆ ಮೂರು ವರ್ಷದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪದ್ಮಿನಿ ಹುಟ್ಟಿದ್ದೇ ಮುಂಬೈಯ ಕುರ್ಲಾದಲ್ಲಿ. 1964ರಲ್ಲಿ ಫಿಯೆಟ್ 1100 ಡಿಲೈಟ್ ಆಗಿ ಬಂದ ಗಾಡಿಗೆ 1974ರಲ್ಲಿ ಪದ್ಮಿನಿ ಎಂದು ಹೆಸರಾಯಿತು. ತಯಾರಿಕೆ ನಿಂತು ಎರಡು ದಶಕವೇ ದಾಟಿದೆ. ಆದರೂ ಮುಂಬೈಯ ಕಾಲಿ-ಪೀಲಿ (ಕಪ್ಪು-ಹಳದಿ) ಪದ್ಮಿನಿ ಟ್ಯಾಕ್ಸಿಗಳು ಓಡುತ್ತಿದ್ದಷ್ಟು ದಿನ ಸಾಮಾನಿಗೆ ತೊಂದರೆ ಇರಲಿಲ್ಲ. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿ ಆದದ್ದು 2003ರ ಅಕ್ಟೋಬರಿನಲ್ಲಿ. ಟ್ಯಾಕ್ಸಿಗೆ ಇಲ್ಲಿ 20 ವರ್ಷದ ಮಿತಿ, ಹಾಗಾಗಿ 2023ರ ಅಕ್ಟೋಬರಿಗೆ ಅವೂ ಮುಗಿದವು. ಈಗ ಕುರ್ಲಾದ ಸಿಎಸ್‌ಟಿ ರಸ್ತೆಯ ಅಂಗಡಿಗಳಲ್ಲಿ ಎಂಜಿನ್ ಸಾಮಾನು ಕೇಳಿದರೆ ಇನ್ನೂ ಸಿಗುತ್ತದೆ. ನೆಲದ ತಗಡು, ಸಣ್ಣ ಬ್ರಾಕೆಟ್, ಬುಷ್ (ಶಾಫ್ಟ್, ಅಂದರೆ ತಿರುಗುವ ಕಡ್ಡಿ, ಕೂರುವ ಉಂಗುರ), ನಾಬ್ ಕೇಳಿದರೆ ತಲೆ ಆಡಿಸುತ್ತಾರೆ. ಅಂಥವನ್ನು ನಾವೇ ಮಾಡಿಕೊಳ್ಳಬೇಕು.

ಮೊದಲು, ಮನೆಯಲ್ಲಿ ಮಾಡಬಾರದವು

ಬ್ರೇಕ್, ಸ್ಟೀರಿಂಗ್, ಚಕ್ರದ ಹಬ್, ಸಸ್ಪೆನ್ಷನ್ ತೋಳು. ಇವುಗಳ ಯಾವ ಭಾಗವನ್ನೂ ಮನೆಯಲ್ಲಿ ಮಾಡಬೇಡಿ, ಬೆಸುಗೆ ಹಾಕಿ ಸರಿ ಮಾಡಲೂ ಬೇಡಿ. ಹುಡುಕಿ ಒಳ್ಳೆಯದನ್ನೇ ತನ್ನಿ. ಬ್ರೇಕ್ ಪೈಪಿಗೆ ಫ್ರಿಜ್ಜಿನ ತಾಮ್ರದ ಪೈಪ್ ಹಾಕಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ಒಪ್ಪಬೇಡಿ. ಬರೀ ತಾಮ್ರ ಅದುರಿ ಅದುರಿ ಗಡಸಾಗಿ ಸೀಳುತ್ತದೆ.

ಪೆಟ್ರೋಲ್ ಟ್ಯಾಂಕಿಗೆ ಬೆಸುಗೆ ಹಾಕುವುದಂತೂ ಬೇಡವೇ ಬೇಡ. ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿಯೇ ಹೆಚ್ಚು ಅಪಾಯ. ಹಳೆ ಬ್ರೇಕ್ ಲೈನಿಂಗ್, ಭಾಗಗಳ ನಡುವೆ ಸೋರದಂತೆ ಇಡುವ ಹಳೆ ಗ್ಯಾಸ್ಕೆಟ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಒಣಗಿದ್ದನ್ನು ಉಜ್ಜಬೇಡಿ, ಊದಬೇಡಿ. ನೀರು ಹಾಕಿ ಒದ್ದೆ ಮಾಡಿ ತೆಗೆಯಿರಿ.

ಜಾಗ ಮತ್ತು ಕರೆಂಟು

ನಮ್ಮದು ನೆಲಮಾಳಿಗೆಯಿಲ್ಲದ ಹಳೆ ಕಟ್ಟಡ. ಹಿಂದುಗಡೆ ಕಾಂಪೌಂಡಿಗೆ ತಾಗಿ ಒಂದು ಗಾಡಿ ನಿಲ್ಲುವಷ್ಟು ಜಾಗ ಇದೆ. ಮೊದಲೇ ಸೊಸೈಟಿ ಸೆಕ್ರೆಟರಿಗೆ ಪತ್ರ ಕೊಟ್ಟೆ. ಲೋಹ ಉಜ್ಜುವ ಗ್ರೈಂಡರ್ ಕೆಲಸ ಬೆಳಿಗ್ಗೆ 10ರಿಂದ 1ರವರೆಗೆ ಮಾತ್ರ, ಪರೀಕ್ಷೆ ದಿನಗಳಲ್ಲಿ ಇಲ್ಲ ಅಂತ ಬರೆದುಕೊಟ್ಟೆ. ಅದೊಂದು ಪತ್ರದಿಂದ ಮೂರು ವರ್ಷದಲ್ಲಿ ಒಂದೂ ಜಗಳ ಆಗಲಿಲ್ಲ.

ಸಣ್ಣ ಇನ್ವರ್ಟರ್ ಮಿಗ್ ವೆಲ್ಡಿಂಗ್ ಮೆಷಿನ್ (ಬೆಸುಗೆಯ ವೈರ್ ತಾನಾಗಿ ಮುಂದೆ ಬರುವಂಥದ್ದು) ತೆಳು ತಗಡಿಗೆ ಮನೆಯ 16 ಆಂಪಿಯರ್ ಸಾಕೆಟ್‌ನಲ್ಲೇ ನಡೆಯುತ್ತದೆ. ಆದರೆ ಉದ್ದದ ತೆಳು ಎಕ್ಸ್‌ಟೆನ್ಷನ್ ವೈರ್ ಬಳಸಬೇಡಿ, ಕಾದು ಕರಗುತ್ತದೆ. ದಪ್ಪ ವೈರಿನದ್ದು, ಅರ್ತಿಂಗ್ ಇರುವುದು ಬೇಕು.

ಉಳಿದ ಸಾಮಾನು ಜಾಸ್ತಿ ಏನಿಲ್ಲ. ದಪ್ಪವನ್ನು ನಿಖರವಾಗಿ ಅಳೆಯುವ ವರ್ನಿಯರ್ ಕ್ಯಾಲಿಪರ್, ವೈಸ್, ಬಾಲ್ ಪೀನ್ ಸುತ್ತಿಗೆ, ಮರದ ಕೊಡತಿ, ತಗಡು ಕತ್ತರಿ, ಅರ, ಸೆಂಟರ್ ಪಂಚ್, ಆಂಗಲ್ ಗ್ರೈಂಡರ್, ಡ್ರಿಲ್, ಒಂದೈದು ಸಿ-ಕ್ಲ್ಯಾಂಪ್, ಎರಡು ಮೊಳ ಉದ್ದದ ಎರಡು ಆಂಗಲ್ ಕಬ್ಬಿಣ. ಇವೆಲ್ಲ ಮುಂಬೈಯ ನಾಗದೇವಿ ಸ್ಟ್ರೀಟಿನಲ್ಲಿ ಒಂದೇ ಸುತ್ತಿನಲ್ಲಿ ಸಿಗುತ್ತವೆ. ದುಡ್ಡು ಉಳಿಸುವುದಾದರೆ ಬೇರೆ ಎಲ್ಲದರಲ್ಲಿ ಉಳಿಸಿ, ವರ್ನಿಯರ್‌ನಲ್ಲಿ ಮಾತ್ರ ಬೇಡ.

ಹಳೆ ತುಂಡೇ ನಕ್ಷೆ

ಈ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಎಷ್ಟೇ ತುಕ್ಕು ಹಿಡಿದಿರಲಿ, ಎಷ್ಟೇ ಮುರಿದಿರಲಿ, ಹಳೆ ತುಂಡನ್ನು ಎಸೆಯಬೇಡಿ. ಹೊಸದು ಕೂತು, ಗಾಡಿ ಓಡಿ, ಒಂದು ಮಳೆಗಾಲ ಕಳೆಯುವವರೆಗೂ ಅದು ಮನೆಯಲ್ಲಿರಲಿ. ಬೋಲ್ಟ್ ತೂತು ಎಲ್ಲಿತ್ತು, ಅಂಚು ಯಾವ ಕಡೆ ಮಡಿಸಿತ್ತು, ಉಬ್ಬು ಮೇಲಕ್ಕಿತ್ತೋ ಕೆಳಕ್ಕಿತ್ತೋ ಅನ್ನುವುದನ್ನು ಹೇಳಲು ಬೇರೆ ಯಾರೂ ಇಲ್ಲ.

ಬಿಚ್ಚುವ ಮೊದಲು ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ, ಪಕ್ಕದಲ್ಲಿ ಸ್ಕೇಲ್ ಇಟ್ಟು. ಬಿಚ್ಚಿದ್ದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಎಡವೋ ಬಲವೋ, ಮುಂದೋ ಹಿಂದೋ ಚೀಟಿ ಬರೆದು ಹಾಕಿ. ಒಂದು ಬದಿ ಪೂರ್ತಿ ಹೋಗಿದ್ದರೆ ಇನ್ನೊಂದು ಬದಿ ನೋಡಿ. ಎಡ-ಬಲ ಕನ್ನಡಿಯ ಹಾಗಿದ್ದರೆ ಮಾದರಿ ಸಿಕ್ಕಿತು ಅಂತಲೇ. ಅದಕ್ಕೇ ಎರಡೂ ಬದಿ ಒಟ್ಟಿಗೆ ಬಿಚ್ಚಬಾರದು.

ಸಣ್ಣ ಕಬ್ಬಿಣದ ತುಂಡಿನ ತುಕ್ಕು ಬಿಡಿಸಲು ಅಡುಗೆಮನೆಯ ನಿಂಬೆ ಉಪ್ಪು ಸಾಕು. ಒಂದು ಲೀಟರ್ ನೀರಿಗೆ 50 ಗ್ರಾಂ ಹಾಕಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಬ್ರಷ್‌ನಿಂದ ಉಜ್ಜಿ, ಅಡುಗೆ ಸೋಡಾ ನೀರಿನಲ್ಲಿ ತೊಳೆದು, ತಕ್ಷಣ ಒಣಗಿಸಿ ಎಣ್ಣೆ ಹಚ್ಚಿ. ಸ್ಪ್ರಿಂಗ್ ಮತ್ತು ಗಡಸು ಬೋಲ್ಟ್‌ಗಳನ್ನು ಮಾತ್ರ ಆಮ್ಲದಲ್ಲಿ ನೆನೆಸಬೇಡಿ, ಒಳಗೊಳಗೇ ಪೆಡಸಾಗಿ ಮುರಿಯುತ್ತವೆ.

ಮೂಲದ ಹಾಗೇ ಮಾಡುವುದಕ್ಕೆ ಇನ್ನೊಂದು ಕಾರಣವೂ ಇದೆ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ಬಂತು. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಂಬರಿನಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ನಂತರ ಮರುನೋಂದಣಿಗೆ 5,000. ಬಾಡಿ ಶೆಲ್, ಎಂಜಿನ್, ಗಾಡಿಯ ಚೌಕಟ್ಟಾದ ಚಾಸಿಸ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ ಅನ್ನುವುದೂ ಗೊತ್ತಿರಲಿ. ನಮ್ಮ ಗಾಡಿಗೆ 2028ಕ್ಕೆ 50 ತುಂಬುತ್ತದೆ. ಅದಕ್ಕಾಗಿ ಪ್ರತಿ ತುಂಡಿನ ಹಳೆ-ಹೊಸ ಫೋಟೋ ಜೋಡಿಸಿಟ್ಟಿದ್ದೇನೆ.

ನೆಲದ ತೇಪೆ

ಪದ್ಮಿನಿಗೆ ಬೇರೆ ಚಾಸಿಸ್ ಇಲ್ಲ. ಬಾಡಿಯೇ ಚಾಸಿಸ್. ಬಾಗಿಲ ಕೆಳಗೆ ಉದ್ದಕ್ಕೆ ಓಡುವ ಪೆಟ್ಟಿಗೆಯಂಥ ಭಾಗ ಗಾಡಿಯ ಬೆನ್ನೆಲುಬು. ಅದನ್ನು ಕತ್ತರಿಸಿದರೆ ಗಾಡಿ ನಡುವೆ ಬಾಗುತ್ತದೆ, ಆಮೇಲೆ ಬಾಗಿಲು ಕೂರುವುದಿಲ್ಲ. ಅದು ಕೊಳೆತಿದ್ದರೆ ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಪೈಪ್ ಕೊಟ್ಟು ಬಿಗಿದು, ಒಂದೊಂದೇ ಬದಿ, ಅನುಭವ ಇರುವವರ ಕೈಯಲ್ಲಿ ಮಾಡಿಸಿ. ನಾನು ಹೇಳುತ್ತಿರುವುದು ಕಾಲಿಡುವ ಜಾಗದ ಚಪ್ಪಟೆ ನೆಲದ ಬಗ್ಗೆ.

ತುಕ್ಕು ಕಂಡಷ್ಟೇ ಇರುವುದಿಲ್ಲ. ತಂತಿ ಬ್ರಷ್ ಹಾಕಿ ಹೊಳೆಯುವ ಕಬ್ಬಿಣ ಸಿಗುವವರೆಗೂ ಹೋಗಿ. ನನ್ನ ಅಂಗೈಯಗಲದ ತೂತು ಉಜ್ಜಿ ಮುಗಿಸುವಾಗ ಊಟದ ತಟ್ಟೆಯಷ್ಟಾಗಿತ್ತು. ತೆಳು ತಗಡಿಗೆ ಬೆಸುಗೆ ಹಾಕಿದರೆ ಪಕ್ಕದಲ್ಲೇ ಮತ್ತೆ ತೂತಾಗುತ್ತದೆ, ಹಾಗಾಗಿ ಕತ್ತರಿಸುವಾಗ ಜಿಪುಣತನ ಬೇಡ.

ಕತ್ತರಿಸುವ ಮೊದಲು ಗಾಡಿಯ ಕೆಳಗೆ ನುಗ್ಗಿ ನೋಡಿ. ಬ್ರೇಕ್ ಪೈಪ್, ಪೆಟ್ರೋಲ್ ಪೈಪ್, ವೈರ್ ಯಾವುದು ಹತ್ತಿರ ಇದೆಯೋ ಅದನ್ನು ಸರಿಸಿ. ಬ್ಯಾಟರಿ ಕಳಚಿ. ಟ್ಯಾಂಕ್ ಇಳಿಸಿ ದೂರ ಇಡಿ.

ಈಗ ರಟ್ಟು. ಹೊಸ ಶರ್ಟಿನ ಒಳಗೆ ಬರುತ್ತದಲ್ಲ, ಅದೇ ರಟ್ಟು ಚೆನ್ನಾಗಿರುತ್ತದೆ. ತೂತಿನ ಮೇಲೆ ಇಟ್ಟು, ಅಂಚಿಗೆ ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿ ಅಚ್ಚು ತೆಗೆಯಿರಿ. ಕತ್ತರಿಸಿ, ಮಡಿಸಿ, ಕೂರಿಸಿ ನೋಡಿ. ರಟ್ಟು ಸರಿಯಾಗಿ ಕೂರುವವರೆಗೂ ತಗಡು ಮುಟ್ಟಬೇಡಿ. ನಾನು ನಾಲ್ಕು ರಟ್ಟು ಹಾಳು ಮಾಡಿದೆ, ತಗಡು ಒಂದೇ ಸಲಕ್ಕೆ ಕೂತಿತು.

ತಗಡಿಗೆ ಇಲ್ಲಿ ‘ಪತ್ರಾ’ ಅನ್ನುತ್ತಾರೆ. ಅಂಗಡಿಯಲ್ಲಿ ಸಿಆರ್ ಶೀಟ್ (ಲೇಪವಿಲ್ಲದ ನಯವಾದ ಉಕ್ಕಿನ ತಗಡು) ಕೇಳಿ. 18 ಗೇಜ್ ಅಂದರೆ ಸುಮಾರು 1.2 ಮಿಲಿಮೀಟರ್, 20 ಗೇಜ್ ಅಂದರೆ ಸುಮಾರು 0.9. ನಿಮ್ಮ ಗಾಡಿಯ ತುಕ್ಕಿಲ್ಲದ ಜಾಗದಲ್ಲಿ ವರ್ನಿಯರ್ ಹಿಡಿದು ಅಳೆದು, ಅದೇ ದಪ್ಪದ್ದು ತನ್ನಿ. ಸತುವಿನ ಲೇಪ ಇರುವ ಜಿಐ ಶೀಟ್ ಬೇಡ. ತುಕ್ಕು ಹಿಡಿಯದು ಅನ್ನುವ ಆಸೆ ಆಗುತ್ತದೆ, ಆದರೆ ಬೆಸುಗೆ ಹಾಕುವಾಗ ಬರುವ ಸತುವಿನ ಹೊಗೆ ಜ್ವರ ಬರಿಸುತ್ತದೆ.

ಅಂಚು ಮಡಿಸಲು ಎರಡು ಆಂಗಲ್ ಕಬ್ಬಿಣದ ನಡುವೆ ತಗಡು ಸಿಕ್ಕಿಸಿ ವೈಸ್‌ನಲ್ಲಿ ಬಿಗಿಯಿರಿ. ಕೊಡತಿಯಿಂದ ಒಂದು ತುದಿಯಿಂದ ಇನ್ನೊಂದು ತುದಿಗೆ ಸ್ವಲ್ಪ ಸ್ವಲ್ಪವೇ ಬಾಗಿಸುತ್ತ ಹೋಗಿ. ಒಂದೇ ಕಡೆ ಹೊಡೆದು 90 ಡಿಗ್ರಿ ಮಾಡಿದರೆ ತಗಡು ಸೊಟ್ಟಗಾಗುತ್ತದೆ. ಅಳತೆ ಹಾಕುವಾಗ ಪ್ರತಿ ಮಡಿಕೆಗೆ ತಗಡಿನ ದಪ್ಪದ ಸುಮಾರು ಎರಡರಷ್ಟು ಕಳೆಯಿರಿ. ಹೊರ ಅಳತೆ 40 ಮತ್ತು 20 ಮಿಲಿಮೀಟರ್ ಬೇಕು, ತಗಡು 1.2 ಅಂದುಕೊಳ್ಳಿ. 60 ಅಲ್ಲ, ಸುಮಾರು 58ಕ್ಕೆ ಕತ್ತರಿಸಬೇಕು.

ನೆಲದಲ್ಲಿ ಉದ್ದಕ್ಕೆ ಇರುವ ಉಬ್ಬು ಗೆರೆಗಳು ಚಂದಕ್ಕಲ್ಲ. ತಗಡಿಗೆ ಬಿಗಿ ಕೊಡುವುದು ಅವೇ. ಅವಿಲ್ಲದಿದ್ದರೆ ಕಾಲಿಟ್ಟಾಗಲೆಲ್ಲ ಡಬ್ಬದ ಮುಚ್ಚಳದ ಹಾಗೆ ಟಕ್ ಟಕ್ ಅನ್ನುತ್ತದೆ. ಸಾಗುವಾನಿ ಅಥವಾ ಬೇರೆ ಗಟ್ಟಿ ಮರದ ಹಲಗೆಯಲ್ಲಿ ಉಬ್ಬಿನ ಅಗಲದ ಕಾಲುವೆ ಕೊರೆಸಿ. ಅದರ ಮೇಲೆ ತಗಡು ಇಟ್ಟು ಕ್ಲ್ಯಾಂಪ್ ಹಾಕಿ. ಕಾಲುವೆಗಿಂತ ಸ್ವಲ್ಪ ತೆಳ್ಳಗಿನ, ಮೊನೆ ಉರುಟು ಮಾಡಿದ ಮರದ ತುಂಡು ಇಟ್ಟು ಸುತ್ತಿಗೆಯಿಂದ ತಟ್ಟುತ್ತ ಹೋಗಿ. ಮೊದಲ ಸುತ್ತಿನಲ್ಲಿ ಗೆರೆ ಅಷ್ಟೇ ಬೀಳಬೇಕು. ಐದಾರು ಸುತ್ತಿನಲ್ಲಿ ಪೂರ್ತಿ ಆಳ ಬರುತ್ತದೆ. ಉಬ್ಬು ಎದ್ದಾಗ ತಗಡು ಬದಿಯಿಂದ ಒಳಗೆ ಎಳೆದುಕೊಳ್ಳುತ್ತದೆ. ಹಾಗಾಗಿ ಮೊದಲು ಉಬ್ಬು, ಆಮೇಲೆ ಅಂಚು ಕತ್ತರಿಸುವುದು. ಈ ಕೆಲಸದಲ್ಲಿ ನನಗೆ ಸಿಕ್ಕ ಸಂತೋಷ ಬೇರೆ ಯಾವುದರಲ್ಲೂ ಸಿಗಲಿಲ್ಲ. ಕೈ ಸವರಿದರೆ ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ.

ಬೆಸುಗೆಯ ಮಾತು. ಮಾಮೂಲಿ ಕಡ್ಡಿ ವೆಲ್ಡಿಂಗ್ ಈ ತಗಡಿಗೆ ಆಗುವುದಿಲ್ಲ, ಸುಟ್ಟು ತೂತಾಗುತ್ತದೆ. ಮಿಗ್ ಬೇಕು, ವೈರ್ 0.6 ಅಥವಾ 0.8 ಮಿಲಿಮೀಟರಿನದ್ದು. ನಿಮಗೆ ವೆಲ್ಡಿಂಗ್ ಬರದಿದ್ದರೆ ಹಟ ಬೇಡ. ತುಂಡು ಮಾಡಿ, ಕೂರಿಸಿ, ಸ್ಕ್ರೂ ಹಾಕಿ ನಿಲ್ಲಿಸಿ. ಬೆಸುಗೆಗೆ ಮಾತ್ರ ಡೆಂಟರ್ ಕರೆಸಿ. ನಮ್ಮೂರಲ್ಲಿ ಟಿಂಕರಿಂಗ್ ಅನ್ನುವುದನ್ನು ಇಲ್ಲಿ ಡೆಂಟಿಂಗ್ ಅನ್ನುತ್ತಾರೆ. ಕೂರಿಸುವ ಕೆಲಸವೇ ಮುಕ್ಕಾಲು ಪಾಲು, ಅದು ನಿಮ್ಮ ಕೈಯಲ್ಲಿ ಆಗಿರುತ್ತದೆ.

ನೀವೇ ಹಾಕುವುದಾದರೆ ಗೆರೆ ಎಳೆಯಬೇಡಿ, ಚುಕ್ಕಿ ಇಡಿ. ಒಂದು ಚುಕ್ಕಿ ಇಲ್ಲಿ, ಮುಂದಿನದು ಎದುರು ಅಂಚಿನಲ್ಲಿ, ಆಮೇಲೆ ಮೂರನೆಯ ಕಡೆ. ಚುಕ್ಕಿ ಚುಕ್ಕಿ ನಡುವೆ ಮೊದಲು 25-30 ಮಿಲಿಮೀಟರ್. ಮುಟ್ಟಿದರೆ ಕೈ ಸುಡದಷ್ಟು ಆರಿದ ಮೇಲೆ ನಡುವಿನ ಜಾಗ ತುಂಬುತ್ತ ಬನ್ನಿ. ಅವಸರ ಮಾಡಿದರೆ ತಗಡು ಅಲೆಅಲೆಯಾಗುತ್ತದೆ, ಅದನ್ನು ಸರಿ ಮಾಡುವುದು ಮೊದಲಿನ ಕೆಲಸಕ್ಕಿಂತ ಕಷ್ಟ. ತೂತಾಗುವ ಕಡೆ ಹಿಂದೆ ತಾಮ್ರದ ಪಟ್ಟಿ ಒತ್ತಿ ಹಿಡಿಯಿರಿ, ಬೆಸುಗೆ ಅದಕ್ಕೆ ಅಂಟುವುದಿಲ್ಲ.

ಹತ್ತಿ ಬಟ್ಟೆ, ಚರ್ಮದ ಗ್ಲೌಸ್, ಮುಖಕ್ಕೆ ವೆಲ್ಡಿಂಗ್ ಹೆಲ್ಮೆಟ್. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್, ಒಂದು ಬಕೆಟ್ ನೀರು. ಬ್ರೇಕ್ ಕ್ಲೀನರ್ ಸ್ಪ್ರೇ ಹಾಕಿ ಒರೆಸಿದ ತಗಡಿಗೆ ಬೆಸುಗೆ ಹಾಕಲೇಬೇಡಿ. ಕ್ಲೋರಿನ್ ಇರುವ ಕ್ಲೀನರ್ ಆ ಶಾಖಕ್ಕೆ ವಿಷದ ಗಾಳಿಯಾಗುತ್ತದೆ. ಕೆಲಸ ಮುಗಿದ ಮೇಲೆ ಒಂದು ಗಂಟೆ ಗಾಡಿ ಬಿಟ್ಟು ಹೋಗಬೇಡಿ. ಕೆಳಗಿನ ಟಾರ್ ಲೇಪ, ಸೀಟಿನ ತೆಂಗಿನ ನಾರು ನಿಧಾನಕ್ಕೆ ಹೊಗೆಯಾಡಿ ಆಮೇಲೆ ಹೊತ್ತಿಕೊಳ್ಳುತ್ತವೆ.

ಗೇರ್ ಲಿಂಕಿನ ಬುಷ್

ಪದ್ಮಿನಿಯ ಗೇರ್ ಸ್ಟೀರಿಂಗ್ ಪಕ್ಕದಲ್ಲಿ. ಹಳೆಯದಾದ ಮೇಲೆ ಗೇರ್ ಕಡ್ಡಿ ಗಂಜಿಯಲ್ಲಿ ಸೌಟು ಆಡಿಸಿದ ಹಾಗೆ ಆಡುತ್ತದೆ. ಗೇರ್‌ಬಾಕ್ಸ್ ಹೋಯಿತು ಅಂದುಕೊಳ್ಳುವ ಮೊದಲು, ಗೇರ್ ಕಡ್ಡಿಯನ್ನು ಅದಕ್ಕೆ ಜೋಡಿಸುವ ಲಿಂಕಿನ ಬುಷ್‌ಗಳನ್ನು ನೋಡಿ. ಸವೆದಿರುವುದು ಸಾಮಾನ್ಯವಾಗಿ ಅವೇ.

ಹೊಸ ಬುಷ್ ಮಾಡಲು ಲೇಥ್ (ತುಂಡನ್ನು ತಿರುಗಿಸಿ ಕೆತ್ತುವ ಯಂತ್ರ) ಬೇಕು. ಡೊಂಬಿವಲಿಯ ಕೈಗಾರಿಕಾ ಪ್ರದೇಶವಾದ ಎಂಐಡಿಸಿಯಲ್ಲಿ ಒಂದು ಸಣ್ಣ ಲೇಥ್ ಅಂಗಡಿ ಹುಡುಕಿಕೊಂಡೆ. ಅಲ್ಲಿ ಕೆಲಸ ಮಾಡುವವರು ವಿಜಯಪುರ ಕಡೆಯವರು. “ಅಳತಿ ಬರಕೊಂಡು ಬರ್ರಿ, ಬಾಯಿಲೆ ಹೇಳಬ್ಯಾಡ್ರಿ” ಅಂದರು. ಬರೆದುಕೊಂಡು ಹೋದೆ, ಆದರೂ ಮೊದಲ ಬುಷ್ ವ್ಯರ್ಥವಾಯಿತು. ತಪ್ಪು ನನ್ನದೇ. ಶಾಫ್ಟನ್ನು ಸವೆದ ಜಾಗದಲ್ಲಿ ಅಳೆದಿದ್ದೆ. ಅಲ್ಲಿ 11.8 ಮಿಲಿಮೀಟರ್ ಇತ್ತು. ಬುಷ್ 11.9ಕ್ಕೆ ಕೊರೆಸಿದೆ. ಮನೆಗೆ ತಂದು ತೂರಿಸಿದರೆ ತುದಿಯಲ್ಲೇ ನಿಂತಿತು. ತುದಿ ಸವೆದಿರಲಿಲ್ಲ, ಅಲ್ಲಿ 12 ಇತ್ತು.

ಹಾಗಾಗಿ ಶಾಫ್ಟನ್ನು ಮೂರು ಕಡೆ ಅಳೆಯಿರಿ: ಎರಡು ತುದಿ, ನಡುವೆ. ಪ್ರತಿ ಕಡೆಯೂ ತಿರುಗಿಸಿ ಎರಡು ಸಲ, ಯಾಕೆಂದರೆ ಸವೆತ ಒಂದೇ ಬದಿಗೆ ಇರುತ್ತದೆ. ಕೊನೆಗೆ ಲೇಥಿನವರು ಸವೆದ ಜಾಗಕ್ಕೆ ಹಿತ್ತಾಳೆ ಕರಗಿಸಿ ತುಂಬಿ (ಬ್ರೇಜಿಂಗ್), ಶಾಫ್ಟನ್ನು ಉದ್ದಕ್ಕೂ ಒಂದೇ ಅಳತೆಗೆ ತಂದರು. ಆಮೇಲೆ ಬುಷ್‌ಗೆ 0.1 ಮಿಲಿಮೀಟರಿಗಿಂತ ಕಡಿಮೆ ಸಡಿಲ ಇಟ್ಟರು. ಇವು ನನ್ನ ಗಾಡಿಯ ಅಂಕಿ. ನಿಮ್ಮದನ್ನು ನೀವೇ ಅಳೆಯಿರಿ.

ಯಾವ ವಸ್ತು? ನೈಲಾನ್ ಅಗ್ಗ, ಎಲ್ಲರೂ ಅದನ್ನೇ ಕೊಡುತ್ತಾರೆ. ಆದರೆ ನೈಲಾನ್ ಗಾಳಿಯ ತೇವ ಹೀರಿ ಉಬ್ಬುತ್ತದೆ. ಮುಂಬೈ ಜುಲೈಯಲ್ಲಿ ಗೇರ್ ಬಿಗಿಯಾಗುತ್ತದೆ, ಜನವರಿಯಲ್ಲಿ ಸಡಿಲ. ಡೆಲ್ರಿನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ತೇವ ಹೀರುವುದು ತೀರಾ ಕಡಿಮೆ, ಅದನ್ನೇ ಕೇಳಿ. ಲೋಹದ್ದೇ ಬೇಕಾದರೆ ಗನ್‌ಮೆಟಲ್ ಅಥವಾ ಫಾಸ್ಫರ್ ಬ್ರಾಂಜ್. ಕೀಕಾ ಸ್ಟ್ರೀಟ್ ಕಡೆ ಲೋಹದ ಅಂಗಡಿಗಳಲ್ಲಿ ಕೇಳಿ ನೋಡಿ. ಪ್ಲಾಸ್ಟಿಕ್ ಬುಷ್ ಬಿಗಿಯಾಗಿ ಒತ್ತಿ ಕೂರಿಸಿದಾಗ ಒಳತೂತು ಕಿರಿದಾಗುತ್ತದೆ. ಕೂರಿಸಿದ ಮೇಲೆ ಮತ್ತೊಮ್ಮೆ ಅಳೆದು, ಬೇಕಾದರೆ ತೂತು ಹಿಗ್ಗಿಸುವ ರೀಮರ್ ಆಡಿಸಿ.

ಗ್ಯಾಸ್ಕೆಟ್

ಥರ್ಮೋಸ್ಟಾಟ್ ಮುಚ್ಚಳ, ವಾಟರ್ ಪಂಪ್, ಟ್ಯಾಪೆಟ್ ಕವರ್ ಇವಕ್ಕೆ ಮನೆಯಲ್ಲೇ ಕತ್ತರಿಸಬಹುದು. ಹೆಡ್ ಗ್ಯಾಸ್ಕೆಟ್ ಕೊಂಡೇ ಹಾಕಬೇಕು. ಹಾಳೆಯನ್ನು ಭಾಗದ ಮೇಲಿಟ್ಟು ಸುತ್ತಿಗೆಯಿಂದ ಅಂಚು ತಟ್ಟಿ ಕತ್ತರಿಸುವ ಹಳೆ ಪದ್ಧತಿ ಇದೆಯಲ್ಲ, ಅಲ್ಯೂಮಿನಿಯಂ ಭಾಗಕ್ಕೆ ಅದು ಬೇಡ, ಅಂಚು ಜಜ್ಜುತ್ತದೆ. ಭಾಗದ ಮುಖಕ್ಕೆ ತೆಳ್ಳಗೆ ಗ್ರೀಸ್ ಸವರಿ ಹಾಳೆಗೆ ಒತ್ತಿ ಅಚ್ಚು ತೆಗೆಯಿರಿ. ಬೋಲ್ಟ್ ತೂತುಗಳನ್ನು ಮೊದಲು ಪಂಚ್ ಮಾಡಿ, ಹೊರ ಅಂಚು ಕೊನೆಗೆ. ಪೆಟ್ರೋಲ್ ಪಂಪ್ ಗ್ಯಾಸ್ಕೆಟ್‌ನ ದಪ್ಪ ಮಾತ್ರ ಹಳೆಯದರಷ್ಟೇ ಇರಬೇಕು. ಆ ದಪ್ಪದ ಮೇಲೆ ಪಂಪಿನ ತೋಳು ಎಷ್ಟು ಆಡುತ್ತದೆ ಅನ್ನುವುದು ನಿಂತಿದೆ.

ಡ್ಯಾಶ್‌ಬೋರ್ಡಿನ ನಾಬ್

ಒಂದು ಒಳ್ಳೆಯ ನಾಬ್ ಇದ್ದರೆ ಸಾಕು, ಬೇಕಾದಷ್ಟು ಮಾಡಬಹುದು. ಚೋರ್ ಬಜಾರಿನ ಮಟನ್ ಸ್ಟ್ರೀಟ್ ಸುತ್ತಿದರೆ ಆ ಒಂದು ಸಿಗುವ ಸಾಧ್ಯತೆ ಇದೆ.

ಮೊದಲು ಅದರ ಅಚ್ಚನ್ನು ಸಿಲಿಕೋನ್ ರಬ್ಬರಿನಲ್ಲಿ ಮಾಡಬೇಕು. ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅರ್ಧದವರೆಗೆ ಮೇಣದ ಮಣ್ಣು (ಮಾಡೆಲಿಂಗ್ ಕ್ಲೇ) ತುಂಬಿ. ಗಂಧಕ ಇಲ್ಲದ ಮಣ್ಣು ಬೇಕು, ಗಂಧಕ ಇದ್ದರೆ ಕೆಲವು ಸಿಲಿಕೋನ್ ಗಟ್ಟಿಯಾಗುವುದೇ ಇಲ್ಲ. ನಾಬ್ ಅರ್ಧ ಮುಳುಗುವ ಹಾಗೆ ಒತ್ತಿ. ಮಣ್ಣಿನಲ್ಲಿ ಮೂರ್ನಾಲ್ಕು ಕುಳಿ ಮಾಡಿ, ಅಚ್ಚಿನ ಎರಡು ಭಾಗ ಸರಿಯಾಗಿ ಕೂರಲು ಅವು ಬೇಕು. ಸಿಲಿಕೋನ್ ಎಷ್ಟು ಬೇಕು? ಉಳಿದ ಜಾಗಕ್ಕೆ ಸಾಸಿವೆ ತುಂಬಿ, ಅದನ್ನು ಅಳತೆ ಲೋಟಕ್ಕೆ ಸುರಿದು ನೋಡಿ. ದುಬಾರಿ ಸಿಲಿಕೋನ್ ದಂಡವಾಗುವುದಿಲ್ಲ. ಗಟ್ಟಿಕಾರಕವನ್ನು ಡಬ್ಬದ ಮೇಲೆ ಬರೆದಷ್ಟೇ, ತೂಕ ಮಾಡಿ ಹಾಕಿ, ಅಂದಾಜಿಗೆ ಬೇಡ. ಒಂದು ಮೂಲೆಯಿಂದ ನೂಲಿನಂತೆ ಸುರಿಯಿರಿ.

ಗಟ್ಟಿಯಾದ ಮೇಲೆ ತಿರುಗಿಸಿ, ಮಣ್ಣು ತೆಗೆದು, ಸಿಲಿಕೋನ್ ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿ ಇನ್ನರ್ಧ ಸುರಿಯಿರಿ. ವ್ಯಾಸಲೀನ್ ಮರೆತರೆ ಎರಡೂ ಒಂದಾಗುತ್ತವೆ. ಅದೂ ಗಟ್ಟಿಯಾದ ಮೇಲೆ ಬಿಡಿಸಿ ನಾಬ್ ತೆಗೆದರೆ ಅಚ್ಚು ಸಿದ್ಧ. ರೆಸಿನ್ (ಗಟ್ಟಿಯಾಗಿ ಪ್ಲಾಸ್ಟಿಕ್ ಆಗುವ ದ್ರವ) ಸುರಿಯಲು ಒಂದು ದಾರಿ, ಗಾಳಿ ಹೋಗಲು ಇನ್ನೊಂದು ದಾರಿ ಕೊರೆಯಿರಿ. ನಾಬ್‌ಗೆ ಥ್ರೆಡ್ ಬೇಕಾದರೆ ಹಿತ್ತಾಳೆ ನಟ್ ಅಚ್ಚಿನೊಳಗೇ ಕೂರಿಸಿ.

ಪಿಯು (ಪಾಲಿಯುರೆಥೇನ್) ರೆಸಿನ್ ಬಳಸುವುದಾದರೆ ಮಳೆಗಾಲದಲ್ಲಿ ಬೇಡ. ತೇವ ತಾಗಿದರೆ ದೋಸೆ ಹಿಟ್ಟಿನ ಹಾಗೆ ನೊರೆಯೇಳುತ್ತದೆ. ಡಿಸೆಂಬರ್, ಜನವರಿ ಒಳ್ಳೆಯದು. 3ಡಿ ಪ್ರಿಂಟ್ ಮಾಡಿಸುವವರು ಅದರ ಮಾಮೂಲಿ ಪ್ಲಾಸ್ಟಿಕ್ ಆದ ಪಿಎಲ್‌ಎ ಬೇಡ ಅನ್ನಿ, ಅದು 60 ಡಿಗ್ರಿ ಸುಮಾರಿಗೇ ಮೆತ್ತಗಾಗುತ್ತದೆ. ಮೇ ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಗಾಡಿಯ ಡ್ಯಾಶ್‌ಬೋರ್ಡ್ ಅದಕ್ಕಿಂತ ಜಾಸ್ತಿ ಕಾಯುತ್ತದೆ. ಎಬಿಎಸ್ ಅಥವಾ ಎಎಸ್‌ಎ ಕೇಳಿ.

ಬೋಲ್ಟು

ಪದ್ಮಿನಿ ಇಟಲಿ ಮೂಲದ್ದು, ಬೋಲ್ಟುಗಳು ಮಿಲಿಮೀಟರ್ ಲೆಕ್ಕದವು. ಅಂಬಾಸಿಡರ್ ಇಂಗ್ಲೆಂಡಿನ ಮೂಲದ್ದು, ಇಂಚಿನ ಲೆಕ್ಕ. ಎರಡೂ ಗಾಡಿ ರಿಪೇರಿ ಮಾಡುವವರ ಡಬ್ಬಿಯಲ್ಲಿ ಬೆರೆತಿರುತ್ತವೆ. ಕೈಯಲ್ಲಿ ಎರಡು ಸುತ್ತು ಹೋಗಿ ಬಿಗಿಯಾದರೆ ಪಾನಾ ಹಾಕಿ ತಿರುಗಿಸಬೇಡಿ. 10 ಮಿಲಿಮೀಟರ್ ಬೋಲ್ಟಿನಲ್ಲೇ 1.25 ಮತ್ತು 1.5 ಮಿಲಿಮೀಟರ್ ಎರಡು ಪಿಚ್ (ಥ್ರೆಡ್‌ಗಳ ನಡುವಿನ ಅಂತರ) ಸಿಗುತ್ತವೆ. ಪಿಚ್ ಗೇಜ್ ಒಂದು ಇಟ್ಟುಕೊಳ್ಳಿ, ಸುಮ್ನೆ ಕಣ್ಣಂದಾಜು ಬೇಡ.

ಬಣ್ಣ, ಮತ್ತು ಮಳೆ

ಬರೀ ತಗಡು ಮುಂಬೈ ಗಾಳಿಯಲ್ಲಿ ಒಂದು ರಾತ್ರಿಗೇ ಕೆಂಪಾಗುತ್ತದೆ. ಅವತ್ತು ಎಷ್ಟಕ್ಕೆ ಪ್ರೈಮರ್ ಹಾಕಲು ಆಗುತ್ತದೋ ಅಷ್ಟನ್ನೇ ಉಜ್ಜಿ. ತಗಡಿನ ಮೇಲೆ ತಗಡು ಕೂರುವ ಕಡೆ, ಬೆಸುಗೆಗೆ ಮೊದಲೇ ಒಳಮುಖಕ್ಕೆ ವೆಲ್ಡಿಂಗ್ ಪ್ರೈಮರ್ ಹಚ್ಚಿ, ಹೊಗೆ ಮುಖಕ್ಕೆ ಬಾರದ ಹಾಗೆ ಫ್ಯಾನ್ ಇಟ್ಟುಕೊಂಡು ಬೆಸುಗೆ ಹಾಕಿ. ಆಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ. ಬೆಸುಗೆ ಉಜ್ಜಿದ ಮೇಲೆ ಪ್ರೈಮರ್, ಜೋಡಣೆಯ ಗೆರೆಗೆ ಸೀಮ್ ಸೀಲರ್, ಕೆಳಗಡೆ ಅಂಡರ್‌ಬಾಡಿ ಲೇಪ, ಇದೇ ಕ್ರಮದಲ್ಲಿ. ಸೀಲರ್ ಪ್ರೈಮರ್ ಮೇಲೆ ಹೋಗಬೇಕು, ಬರೀ ಕಬ್ಬಿಣದ ಮೇಲೆ ಹಾಕಿದರೆ ಅದರಡಿಯಲ್ಲೇ ತುಕ್ಕು ಶುರುವಾಗುತ್ತದೆ. ಮುಚ್ಚಿದ ಪೆಟ್ಟಿಗೆಯಂಥ ಜಾಗಗಳಿಗೆ ಸಣ್ಣ ನಳಿಗೆಯಿಂದ ಮೇಣದ ಸ್ಪ್ರೇ ಹೊಡೆಯಿರಿ. ಕೆಳಗಿರುವ ನೀರು ಇಳಿಯುವ ತೂತುಗಳನ್ನು ಮುಚ್ಚಬೇಡಿ.

ನೆಲ ಕೊಳೆತದ್ದಕ್ಕೆ ಕಾರಣ ನೆಲದಲ್ಲಿ ಇರುವುದು ಕಡಿಮೆ. ಮುಂದಿನ ಗಾಜಿನ ರಬ್ಬರ್ ಒಣಗಿ ಬಿರುಕು ಬಿಟ್ಟಿರುತ್ತದೆ, ಅಲ್ಲಿಂದ ಇಳಿದ ನೀರು ಮ್ಯಾಟ್ ಅಡಿಯಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಮ್ಯಾಟ್ ಹಾಕುವ ಮೊದಲು ಒಬ್ಬರು ಹೊರಗಿನಿಂದ ಪೈಪ್ ಹಿಡಿದು ನೀರು ಬಿಡಲಿ, ನೀವು ಒಳಗೆ ಟಾರ್ಚ್ ಹಿಡಿದು ಕೂತು ನೋಡಿ. ನಮ್ಮ ಗಾಡಿಯಲ್ಲಿ ಅಪ್ಪ ಒಳಗೆ ಕೂತಿದ್ದರು, 81 ವರ್ಷ ಅವರಿಗೆ. “ಇಲ್ಲಿ ಬಂತು ಮಗಾ, ಎಡಮೂಲೆ” ಅಂದರು. ಆ ಮೂಲೆಯ ರಬ್ಬರ್ ಬದಲಿಸಿದೆವು. ಸೆಪ್ಟೆಂಬರಿನಲ್ಲಿ ಮ್ಯಾಟ್ ಎತ್ತಿ ಕೈ ಆಡಿಸಿದೆ. ನೆಲ ಒಣಗಿತ್ತು.